ಅಪ್ಪನ ಕೈಯ ಕುರಿ ವಾಸನೆ

ಮಗಳು ಬೈಕಿಗೆಂದು ತಂದ ಉಣ್ಣೆಯ ಕೈಗವಸನ್ನು ನಾನು ಮೂಸಿದ್ದೇ ತಡ, ಸಿಂದಗಿ ರಸ್ತೆಯ ಆ ಮಂಜಿನ ಬೆಳಗು ಕಣ್ಣೆದುರು ಬಂತು.

ಬೈಕ್ ಓಡಿಸುವಾಗ ಗಾಳಿ ಎದೆಗೆ ಹೊಡೆಯದಂತೆ ಅಪ್ಪ ಕೋಟನ್ನು ಹಿಂದುಮುಂದಾಗಿ ತೊಡುತ್ತಿದ್ದ. ಬೆನ್ನಿನ ಗುಂಡಿ ಹಾಕಿ ಹಿಂದೆ ಕೂರುವುದು ನನ್ನ ಕೆಲಸ. ಅವನ ಕೈಗೆ ಮಾತ್ರ ಏನೂ ಇರಲಿಲ್ಲ. ಅಂದು ದೇವರ ಹಿಪ್ಪರಗಿ ದಾಟುತ್ತಲೇ ಮಂಜಿನೊಳಗಿಂದ ಕುರಿಹಿಂಡು ಎದುರಾಯಿತು.

“ಬೆರಳ ಮಡಚವಲ್ವು! ಗಟ್ಟಿ ಹಿಡಕೊ!” ಅಪ್ಪ ಚೀರಿದ.

ಕಾಲಿನ ಬ್ರೇಕೊಂದನ್ನೇ ತುಳಿದಾಗ ಗಾಡಿ ಜಾರುತ್ತ ಹೋಗಿ, ಟಗರಿನ ಮೂತಿಗೆ ಗೇಣು ದೂರದಲ್ಲಿ ನಿಂತಿತು. ಬೈಯಲು ಬಂದ ಕುರಿ ಕಾಯುವ ಅಜ್ಜ ಅಪ್ಪನ ನೀಲಿಗಟ್ಟಿದ ಬೆರಳು ನೋಡಿ ಕೋಲು ಕೆಳಗಿಟ್ಟ.

“ಇಲ್ಲಿ ಇಡ್ರಿ,” ಎಂದು ಅವನ್ನು ಟಗರಿನ ಉಣ್ಣೆಯೊಳಗೆ ತುರುಕಿ ಹಿಡಿದ.

ಸಂಜೆ ಮನೆಯಲ್ಲಿ ಅವ್ವ, “ಕೈಯಾಗ ಕುರಿ ವಾಸನಿ ಯಾಕ್ರಿ?” ಎಂದಳು. ನಾನು ತಲೆಯೆತ್ತದೆ ಅಪ್ಪನ ಬೆನ್ನಿನ ಗುಂಡಿ ಬಿಚ್ಚುತ್ತಿದ್ದೆ.

ಈಗ ಮಗಳು ಕೈಗವಸು ತೊಟ್ಟು ಗಾಡಿ ಚಾಲೂ ಮಾಡಿದಳು.

“ಮೊದಲ ಬೆರಳ ಮಡಚಿ ತೋರಸವ್ವಾ,” ಎಂದೆ.