ಮುಖ ಎಬ್ಬಿಸುವ ಕೈ

ಕೆನ್ನೆಗೆ ಕಪ್ಪು ಬಂಗು ಬಂದಿದೆಯೆಂದು ಯಾದಗಿರಿಯ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಮಗಳ ವಯಸ್ಸಿನ ಹುಡುಗಿ. ಚೀಟಿ ಬರೆಯುತ್ತ, ತಲೆ ಎತ್ತದೆಯೇ ಅಂದಳು: "ಭಾಳ ದಿನ ಹಚ್ಚಬ್ಯಾಡ್ರಿ ಮೇಡಂ, ಚರ್ಮ ಬೆಳ್ಳಗಾಗಿಬಿಡ್ತದ." ಮನೆಗೆ ಬಂದು ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದೆ. ಹೈಡ್ರೋಕ್ವಿನೋನ್ ಎಂದಿತ್ತು, ಹಳೆಯ ಹೆಸರು ಕ್ವಿನಾಲ್. ಮುಚ್ಚಳ ತೆಗೆಯುವ ಮನಸ್ಸಾಗಲಿಲ್ಲ...

ಶಹಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೊಬ್ಬರು ನೆನಪಾದರು. ನನಗಾಗ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮೊದಲ ನೌಕರಿ, ಇನ್ನೂ ಮದುವೆಯಾಗಿರಲಿಲ್ಲ. ಅವರ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಾಲುವೆ ಕೆಲಸ ಜೋರಾಗಿ ನಡೆದಿದ್ದ ಕಾಲ. ಕೂಲಿಯವರಿಗೆ ಪಾಸು ಬೇಕು, ಪಾಸಿಗೆ ಫೋಟೋ ಬೇಕು. ಸ್ಟುಡಿಯೋದವರು ಅವರನ್ನು ಅಂಗಳದ ಬಿಸಿಲಲ್ಲೇ ಕೂರಿಸಿ ತೆಗೆಯುತ್ತಿದ್ದರು. ಸುಡುಬಿಸಿಲಿಗೆ ಮುಖವೆಲ್ಲ ಬೆಳ್ಳಗೆ ಸಪಾಟಾಗಿ ಬರುತ್ತಿತ್ತು. ಆಗ ಫೋಟೋ ಮೂಡಿಸುವ ಡೆವಲಪರ್ ನೀರಿನೊಳಗೆ ಬರಿಗೈ ಇಳಿಸಿ, ಹೆಬ್ಬೆರಳಿನ ಬಿಸಿಯಿಂದ ತಿಕ್ಕಿ ತಿಕ್ಕಿ ಕಣ್ಣು ಮೂಗು ಮೂಡಿಸುತ್ತಿದ್ದರು. ಅದಕ್ಕೆ 'ಮುಖ ಎಬ್ಬಸೂದು' ಎಂದು ಹೆಸರು.

ಒಂದು ಮುಂಜಾನೆ ನಾನು ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಕ್ವಿನಾಲ್ ಎಲೆಕ್ಟ್ರಾನು ಬಿಟ್ಟುಕೊಡುವ ಭಾಗ. ಸ್ಟುಡಿಯೋದವರು ಮೆಟ್ಟಿಲ ಕೆಳಗಿನಿಂದ ಕೂಗಿದರು.

"ಅಕ್ಕೋರ, ಕ್ವಿನಾಲ್ ಅಂದ್ರೇನ್ರಿ? ಹೈದರಾಬಾದಿನ್ಯಾಗ ನಮ್ಮ ಉಸ್ತಾದ್ರು ಡೆವಲಪರ್ ಪುಡೀಗೆ ಹಂಗs ಅಂತಿದ್ರು."

ಪುಸ್ತಕದ ಹುಳ ನಾನು, ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಡಾರ್ಕ್‌ರೂಮಿಗೆ ಹೋದೆ. ಬೆಳಕು ನುಗ್ಗಬಾರದೆಂದು ಅವರು ಒಳಗಿನಿಂದ ಅಗಳಿ ಹಾಕಿದರು. ಕೆಂಪು ಬಲ್ಬಿನಡಿ, ತಟ್ಟೆಯ ನೀರಿನಲ್ಲಿ ಯಾರದೋ ಮುಖ ಮೆಲ್ಲಗೆ ಎದ್ದಿತು. ನಾನು ಹೇಳಿದೆ: ಇಲ್ಲಿ ಕ್ವಿನಾಲ್ ತನ್ನ ಎಲೆಕ್ಟ್ರಾನನ್ನು ಕಾಗದದ ಮೇಲಿನ ಬೆಳ್ಳಿಗೆ ಕೊಟ್ಟು ಮುಗಿದುಹೋಗುತ್ತದೆ, ಅದಕ್ಕೇ ನೀರು ಕಂದಾಗುತ್ತದೆ. ನಮ್ಮ ಜೀವಕೋಶದಲ್ಲೂ ಅದರ ಜಾತಿಯದೇ ಒಂದಿದೆ. ಅದು ಎರಡು ಎಲೆಕ್ಟ್ರಾನು ಹೊತ್ತು ಬಂದು ಮುಂದಿನವರ ಕೈಗೆ ಕೊಟ್ಟು, ಬರಿಗೈಯಾಗಿ ತಿರುಗಿ ಹೊರೆ ಹೊರಲು ಹೋಗುತ್ತದೆ. ಎಲೆಕ್ಟ್ರಾನು ಕೈಯಿಂದ ಕೈಗೆ ದಾಟಿ ಕೊನೆಗೆ ನಾವು ಉಸಿರಾಡಿದ ಆಮ್ಲಜನಕಕ್ಕೆ ಸೇರುತ್ತದೆ. ಮೈಗೆ ಕಸುವು ಸಿಗುವುದು ಆ ಓಡಾಟದಿಂದಲೇ.

"ಅದು ಹೊರಗ ಬರೂದs ಇಲ್ಲೇನ್ರಿ?"

"ಇಲ್ರಿ, ಪೊರಿಯೊಳಗs ಅದರ ಓಡಾಟ."

"ಮುಂದ ತಗೊಳ್ಳೋರು ಇರಲಿಲ್ಲಂದ್ರ?"

"ಹೊತ್ಕೊಂಡs ನಿಂದರ್ತದ. ಹಿಂದಿನವೂ ನಿಂದರ್ತಾವ."

"ತೂಬು ಮುಚ್ಚಿದ ಕಾಲುವಿ ಆತು ಬಿಡ್ರಿ," ಎಂದು ನಕ್ಕರು.

ಹೊರಗಿನ ಬೆಳಕಿಗೆ ಬಂದಾಗ ಅವರ ಕೈ ಕಂಡಿತು. ಬೆರಳಿನಿಂದ ಮಣಿಕಟ್ಟಿನವರೆಗೆ ಬಿಳಿ. ತಟ್ಟೆಯ ನೀರು ಎಲ್ಲಿಯವರೆಗೆ ತಾಗುತ್ತಿತ್ತೋ ಅಲ್ಲಿಗೆ ನಿಂತಿತ್ತು. "ಈ ನೀರಿಂದs ಹಿಂಗಾಗಿರಬೇಕು, ಕೈ ಹಾಕಬ್ಯಾಡ್ರಿ, ಚಿಮಟಾದಿಂದ ಹಿಡೀರಿ," ಎಂದೆ. "ಚಿಮಟಾಕ್ಕ ಮುಖ ಎಬ್ಬಸಾಕ ಬರ್ತದೇನ್ರಿ?" ಎಂದರು.

ಊರಿನವರು ಮಾತ್ರ ತೊನ್ನು ಎಂದು ತೀರ್ಮಾನಿಸಿಯಾಗಿತ್ತು. ಅವರ ತಂಗಿಗೆ ಬಂದ ಎರಡು ಸಂಬಂಧ ಅದೇ ಮಾತಿಗೆ ಮುರಿದಿದ್ದವು. ಮೂರನೆಯದು ಹುಣಸಗಿಯಿಂದ ಬಂತು. ಹುಡುಗನ ಫೋಟೋ ನೋಡಿ ಅವಳು ನಾಚಿದ್ದನ್ನು ನಾನೇ ಕಂಡಿದ್ದೆ. ಹೆಣ್ಣು ನೋಡಲು ಬಂದವರೆದುರು ಅಣ್ಣ ಎಲೆ ಅಡಿಕೆ ತಟ್ಟೆ ಹಿಡಿದರು. ಎಲ್ಲರ ಕಣ್ಣು ಕೈಯ ಮೇಲೆ.

ಹುಡುಗನ ಸೋದರಮಾವ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೇ ಬಂದರು. "ಅಕ್ಕೋರ, ನೀವು ಸೈನ್ಸ ಕಲಸೋರು. ಒಂದs ಮಾತು ಹೇಳ್ರಿ. ಆ ಕೈ ಹ್ಯಾಂಗ ಬೆಳ್ಳಗಾದ್ವು?"

ಅವರ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಸ್ಟುಡಿಯೋದವರು ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ಅವರು ಆ ನೀರಿನಲ್ಲಿ ಕೈ ಅದ್ದುವುದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅಗಳಿ ಹಾಕಿದ ಕತ್ತಲೆ ಕೋಣೆ, ಮದುವೆಯಾಗದ ಹೆಣ್ಣು... ಊರ ಬಾಯಿಗೆ ಬೀಗ ಹಾಕುವವರು ಯಾರು?

"ನನಗ ಗೊತ್ತಿಲ್ರಿ," ಎಂದೆ.

ಆ ಮನುಷ್ಯ ತಂಬಿಗೆಯ ನೀರು ಮುಟ್ಟದೆ ಇಳಿದು ಹೋದರು. ತೊನ್ನೇ ಆಗಿದ್ದರೂ ಯಾರ ಗಂಟು ಹೋಗುತ್ತಿತ್ತು ಎಂದು ಈಗ ಸಿಟ್ಟು ಬರುತ್ತದೆ. ಅಂದು ಬರಬೇಕಿತ್ತು.

ಆ ವಾರವೇ ಕಾಲೇಜಿನ ಗುರುತಿನ ಚೀಟಿಗೆ ನಾನೂ ಅದೇ ಅಂಗಳದ ಬಿಸಿಲಲ್ಲಿ ಫೋಟೋ ತೆಗೆಸಿಕೊಂಡಿದ್ದೆ. ಮೂರನೆಯ ದಿನ ಅವರೇ ತಂದುಕೊಟ್ಟರು. ಕೂದಲು ಸರಿಯಾಗಿತ್ತು, ಸೀರೆಯ ಅಂಚು ಸರಿಯಾಗಿತ್ತು. ನಡುವೆ ಮುಖ ಮಾತ್ರ ಬೆಳ್ಳಗೆ, ಕಣ್ಣು ಮೂಗು ಎದ್ದೇ ಇರಲಿಲ್ಲ.

"ಚಿಮಟಾ ಹಿಡದು ತೆಗದೀನ್ರಿ ಅಕ್ಕೋರ, ನೀವು ಹೇಳಿದಂಗ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಪ್ರತಿ ಕೇಳದೆ, ಅದನ್ನೇ ಗುರುತಿನ ಚೀಟಿಗೆ ಅಂಟಿಸಿಕೊಂಡೆ. ಮನೆಗಿದ್ದುದು ಒಂದೇ ಮೆಟ್ಟಿಲು, ಸ್ಟುಡಿಯೋದ ಮುಂದೆಯೇ. ವರ್ಗವಾಗುವವರೆಗೆ ದಿನಕ್ಕೆ ನಾಲ್ಕು ಸಲ ಅವರೆದುರು ಹಾಯ್ದು ಹೋದೆ. ಕಾಲೇಜಿನಲ್ಲಿ ಅದೇ ಕ್ವಿನಾಲಿನ ಪಾಠ ಮಾಡಿದೆ. ತಂಗಿ ಮತ್ತೆ ಯಾರೆದುರೂ ಹೂ ಮುಡಿದು ಕೂರಲಿಲ್ಲವಂತೆ. ಸ್ಟುಡಿಯೋದವರು ತೀರಿಹೋದದ್ದು ನನಗೆ ಗೊತ್ತಾಗುವಷ್ಟರಲ್ಲಿ ವರುಷ ಕಳೆದಿತ್ತು...

ಟ್ಯೂಬನ್ನು ಆ ಹಳೆಯ ಗುರುತಿನ ಚೀಟಿಯ ಪಕ್ಕದಲ್ಲಿಟ್ಟು ಕಪಾಟು ಮುಚ್ಚಿದೆ. ಬಂಗು ಇದ್ದರೆ ಇರಲಿ. ಡಾಕ್ಟರ ಹುಡುಗಿ ತಲೆ ಎತ್ತದೆ ಹೇಳಿದ ಆ ಒಂದು ಮಾತನ್ನೇ ಅಂದು ಬಾಗಿಲಲ್ಲಿ ಹೇಳದೆ ನಾನು ಇಷ್ಟು ವರ್ಷ ಹೊತ್ತುಕೊಂಡೇ ನಿಂತಿದ್ದೇನೆ. ಈಗ ತೆಗೆದುಕೊಳ್ಳುವವರು ಇಲ್ಲ.