ಗುರುಪಾದ ಮತ್ತು ಇತರರು

ಆಳಂದದ ಮಿನಾಜಳ ಬರಹಕ್ಕೆ ಜಗತ್ತಿನ ತುಂಬ ಓದುಗರಿದ್ದರು. ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೆದುಳು, ನಿದ್ದೆ, ನೆನಪು ಅವಳ ಸಂಶೋಧನೆಯ ವಿಷಯ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವವರನ್ನು ಗೇಟಿನಲ್ಲೇ ನಿಲ್ಲಿಸಿ, ಚಹಾ ಕುಡಿಸಿ, ಒಂದಷ್ಟು ಪದ ಹೇಳಿ, ಎಷ್ಟು ನೆನಪುಳಿದವೆಂದು ಕೇಳುತ್ತಿದ್ದಳು. ಕಬ್ಬು ಅರೆಯುವ ಹಂಗಾಮಿನುದ್ದಕ್ಕೂ ಹಾಗೆ ಚಳಿಯಲ್ಲಿ ಕುಳಿತು ಬರೆದ ಪ್ರಬಂಧವನ್ನು ಇಂದು ಜಪಾನಿನವರೂ ಬ್ರೆಜಿಲಿನವರೂ ಉಲ್ಲೇಖಿಸುತ್ತಾರೆ. ಎಲ್ಲರೂ ಬರೆಯುವುದು ಮಾತ್ರ ‘ಗುರುಪಾದ ಮತ್ತು ಇತರರು’ ಎಂದು. ಆ ಇತರರೊಳಗೆ ನಮ್ಮ ಮಿನಾಜ ಇದ್ದಾಳೆ.

ಇದರಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಅವಳ ಅಬ್ಬಾ ಗೌಸಮೊಹಿದ್ದೀನ ಆಳಂದದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರು. ಯಾರ ಮನೆಯ ಮದುವೆಯೇ ಇರಲಿ, ಹಿರಿಯರ ಹೆಸರು ಮೇಲೆ, ಓಡಾಡಿ ಬೆವರು ಸುರಿಸಿದವರದು ತಳದಲ್ಲಿ. ಹೆಚ್ಚುಕಮ್ಮಿಯಾದರೆ ಬೀಗರು ಅಂಗಡಿಗೇ ಜಗಳಕ್ಕೆ ಬರುತ್ತಿದ್ದರು. ಆ ಅಂಗಡಿಯಲ್ಲಿ ಬೆಳೆದ ಹುಡುಗಿ, ಪ್ರಬಂಧಕ್ಕೆ ಹೆಸರು ಹಾಕುವಾಗ ಮಾರ್ಗದರ್ಶಕರಾದ ಗುರುಪಾದ ಸರ್ ಅವರ ಹೆಸರನ್ನು ಮೊದಲಿಟ್ಟು, ತನ್ನದನ್ನು ಎಲ್ಲರ ಕೊನೆಗೆ ಇಟ್ಟಳು. ದುಡಿದವರ ಹೆಸರು ಮೊದಲು ಎನ್ನುವ ವಿಜ್ಞಾನದ ರಿವಾಜು ಗೊತ್ತಿರಲಿಲ್ಲ ಎಂದಲ್ಲ, ಕೈ ಬರಲಿಲ್ಲ. ಸರ್ ನೋಡಿ, "ಇರ್ಲಿ ಬಿಡು" ಎಂದರು. ದೊಡ್ಡವರ ಈ ‘ಇರ್ಲಿ ಬಿಡು’ ಎಷ್ಟು ಮಂದಿಯನ್ನು ಹಿಂದಿನ ಬೆಂಚಿಗೆ ಕೂರಿಸಿದೆಯೋ ದೇವರೇ ಬಲ್ಲ. ಮುಂದಿನ ಪ್ರಬಂಧಗಳಲ್ಲೂ ಅದೇ ಚಾಳಿ ಮುಂದುವರಿಯಿತು.

ವರ್ಷಗಳು ಹೋದವು. ಸರ್ ನಿವೃತ್ತರಾಗಿ ಜೇವರ್ಗಿಗೆ ಹೋದರು. ಮಿನಾಜ ಒಂದು ತಾತ್ಕಾಲಿಕ ಹುದ್ದೆಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಕಲಬುರಗಿಯ ಒಂದು ಸಂಸ್ಥೆಯಲ್ಲಿ ಕಾಯಂ ಹುದ್ದೆಯ ಸಂದರ್ಶನಕ್ಕೆ ಕುಳಿತಳು. ವಯೋಮಿತಿ ಮುಗಿಯುತ್ತಿತ್ತು, ಇದು ತಪ್ಪಿದರೆ ಮತ್ತೊಂದು ಇರಲಿಲ್ಲ.

"ನಿನ್ನ ಹೆಸರು ಮೊದಲಿರುವ ಪ್ರಬಂಧ ಒಂದೂ ಇಲ್ಲವಲ್ಲಮ್ಮಾ?" ಎಂದರು ಆಯ್ಕೆ ಸಮಿತಿಯ ಅಧ್ಯಕ್ಷರು.

"ಕೆಲಸ ಎಲ್ಲಾ ನಾನೇ ಮಾಡೇನ್ರಿ ಸರ್."

ಹಾಗೆ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅಧ್ಯಕ್ಷರು ಕೆಟ್ಟವರಲ್ಲ. ಹಾಗಿದ್ದರೆ ಗುರುಪಾದರಿಂದ ಅಷ್ಟು ಬರೆಸಿಕೊಂಡು ಬಾ, ಸೋಮವಾರದವರೆಗೆ ಕಾಯುತ್ತೇವೆ ಎಂದರು.

ಮರುದಿನವೇ ಅವಳು ಜೇವರ್ಗಿಯ ಬಸ್ಸು ಹತ್ತಿದಳು. ಸರ್ ಅವರ ಹೆಂಡತಿ ಸಾಬವ್ವ ಬಾಗಿಲಲ್ಲೇ ಕೈ ಹಿಡಿದು ದನಿ ತಗ್ಗಿಸಿದರು. "ಈಗೀಗ ಅವರಿಗಿ ನೆಪ್ಪ ನಿಲ್ಲವಲ್ದು ತಂಗಿ. ಮುಂಜಾನಿ ಉಂಡಿದ್ದು ಮಧ್ಯಾಹ್ನಕ್ಕ ಮರೀತಾರ. ನೀ ಏನೂ ಅನ್ಕೋಬ್ಯಾಡ."

ಒಳಗೆ ಸರ್ ಅವಳನ್ನು ಗುರುತು ಹಿಡಿದು ಅರಳಿದರು. "ಬಾ ಬೇ ಮಿನಾಜ! ನನ್ನ ಪೇಪರ್ ಇನ್ನಾ ಓದಾಕತ್ತಾರಂತ ಮಂದಿ. ಹವಳಗಾದ ಗೇಟಿನ್ಯಾಗ ಏನ್ ಚಳಿ ಅಂತಿ! ಒಬ್ಬಾಂವ ಕಪ್ ಕೈಯಾಗ ಹಿಡಕೊಂಡೇ ನಿದ್ದಿ ಹೋದ ನೋಡು. ನನ್ನ ಕಾಗದದ ಮ್ಯಾಲೆಲ್ಲಾ ಚಹಾ!"

ಚಹಾ ಚೆಲ್ಲಿದ್ದು ಮಿನಾಜಳ ಕಾಗದಗಳ ಮೇಲೆ. ಹಿಂದೊಮ್ಮೆ ಅವರ ಕೋಣೆಯಲ್ಲಿ ಅದನ್ನು ಹೇಳಿ ಅವರನ್ನು ನಗಿಸಿದ್ದಳು. ಕೇಳಿದ ನೆನಪು ಈಗ ಕಂಡ ನೆನಪಾಗಿ ಕುಳಿತಿತ್ತು. ಇದು ಸುಳ್ಳಲ್ಲ, ಕಾಯಿಲೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರಿದ್ದರು? ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಸುಮ್ಮನೆ ಎದ್ದು ಹೋಗಿಬಿಡಲೇ ಅನ್ನಿಸಿತು. ಎದ್ದರೆ ಮತ್ತೆ ಹಿಂದಿನ ಬೆಂಚಿಗೇ ಹೋಗಿ ಕೂರಬೇಕಿತ್ತು.

"ಸರ್," ಎಂದಳು, ಅವರ ಮೊಣಕಾಲಿನ ಹತ್ತಿರ ಕುಳಿತು. "ಆ ಗೇಟಿನ್ಯಾಗ ಕುಂತಾಕಿ ನಾ ರೀ."

"ಹಂಗಾದ್ರ ನಾ ಎಲ್ಲಿದ್ದೆ?"

"ಆಫೀಸಿನ್ಯಾಗ ಇದ್ರಿ ಸರ್. ನೀವು ಕಳಿಸಿದ್ರಿ, ನಾ ಹೋದೆ. ಮನ್ಯಾಗ ಬ್ಯಾಡಂದಾಗ ಅಬ್ಬಾಗ ಬಂದು ಹೇಳಿದವ್ರೂ ನೀವೇ."

"ಬರೀ ಕಳಿಸಿದ್ನೇನು?"

ಅವಳು ಹೌದೆಂದು ತಲೆ ಆಡಿಸಿದಳು. ಸಾಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಗುರುಪಾದ ಸರ್ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡರು.

ಅವಳು ಅಧ್ಯಕ್ಷರು ಹೇಳಿದ್ದನ್ನು ತಿಳಿಸಿ, ಆಯಾಸವಾಗಿದ್ದರೆ ನಾಳೆ ಬರುತ್ತೇನೆ ಎಂದಳು.

"ನಾಳಿ ಬರಬ್ಯಾಡ," ಎಂದರು ಸರ್, ಅವಸರದಿಂದ ಕೈ ಚಾಚಿ. "ನಾಳಿ ಮತ್ತ ನಾನೇ ಮಾಡೇನಿ ಅಂತೇನಿ. ಈಗ ಗೊತ್ತದ. ಈಗ ಕೊಡು ಪೆನ್ನು."