ಸಿದ್ದಗಂಗಮ್ಮನ ಎಂಟು ಸುತ್ತು

ಸಿದ್ದಗಂಗಮ್ಮ ಗಿರಾಕಿಗಳ ಮುಖ ನೋಡಿ ಮಾತಾಡುತ್ತಿರಲಿಲ್ಲ, ಚಕ್ರ ನೋಡಿ ಮಾತಾಡುತ್ತಿದ್ದಳು. ಶಿರಾದಲ್ಲಿ ಬುಕ್ಕಾಪಟ್ಟಣದ ರಸ್ತೆಗೆ ತಿರುಗುವ ಕಡೆ ಇದ್ದ ಆಕೆಯ ಟೈರು ಅಂಗಡಿಗೆ ಮೊದಲ ಸಲ ಹೋಗಿ ನಾನು ಕೈಮುಗಿದಾಗ, ಆಕೆ ನನ್ನ ಕಾರಿನ ಹಿಂದಿನ ಎಡ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು, "ಏನಂತೆ ಇದಕ್ಕೆ?" ಅಂದಳು. ಹಣೆ ತುಂಬ ವಿಭೂತಿ, ಮೊಣಕೈವರೆಗೆ ಗ್ರೀಸು, ಸೀರೆಯ ಮೇಲೊಂದು ಹಳೆಯ ಖಾಕಿ ಅಂಗಿ. ಗಂಡ ಮಲ್ಲಣ್ಣ ಒಳಗೆ ಕುರ್ಚಿಯಲ್ಲಿ ಕೂತು ಫೋನು ಎತ್ತುವ ಕೆಲಸ ನೋಡಿಕೊಳ್ಳುತ್ತಿದ್ದ. ಅಷ್ಟು ದುರಹಂಕಾರದ ಹೆಂಗಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಕೆ ತೀರಿಹೋದ ಮೇಲೂ ಈ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸು ನನಗಿಲ್ಲ.

ನಾನು ಮಧುಗಿರಿ ಕೋರ್ಟಿನಲ್ಲಿ ವಕೀಲ. ನಲವತ್ತು ದಾಟಿದ ಮೇಲೆ ಬುದ್ಧಿ ಕೆಟ್ಟು, ಬೆಂಗಳೂರಿನವರೊಬ್ಬರಿಂದ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದೆ. ಸೆಕೆಂಡ್ ಹ್ಯಾಂಡ್ ಆದರೂ ಅದು ಬೀದಿಗೆ ಬಂದರೆ ಜನ ಟೀ ಲೋಟ ಕೆಳಗಿಟ್ಟು ನೋಡುತ್ತಿದ್ದರು. ಒಂದೇ ಕೊರತೆ ಅಂದರೆ ಅದರ ಚಕ್ರಗಳು ಮಡ್‌ಗಾರ್ಡಿನ ಒಳಗೆ ಹುದುಗಿಕೊಂಡಂತಿದ್ದವು. ಅವು ಹೊರಗೆ ಬಂದು ಮಡ್‌ಗಾರ್ಡಿನ ಅಂಚಿಗೆ ಸರಿಸಮ ನಿಂತರೆ ಗಾಡಿಗೆ ಗತ್ತು ಬರುತ್ತದೆ ಅಂತ ಯಾರೋ ಅಂದರು. ಅದಕ್ಕೆ ಸ್ಪೇಸರ್ ಅಂತ ಸಿಗುತ್ತದೆ. ಅಚ್ಚಿನ ತುದಿಯಲ್ಲಿ ಚಕ್ರವನ್ನು ಹೊರುವ ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸಿ ಚಕ್ರವನ್ನು ಆಚೆಗೆ ತಳ್ಳುವ ಅಲ್ಯುಮಿನಿಯಂ ಬಿಲ್ಲೆ. ನಾಲ್ಕನ್ನು ಫೋನಿನಲ್ಲೇ ತರಿಸಿಕೊಂಡು, ಕೂರಿಸಿಕೊಡಲಿ ಅಂತ ಆಕೆಯ ಬಳಿ ಹೋಗಿದ್ದೆ.

ಆಕೆ ಚಕ್ರ ಬಿಚ್ಚಿ ಒಂದು ಬಿಲ್ಲೆಯನ್ನು ಹಬ್ಬಿಗೆ ಸಿಕ್ಕಿಸಿ ಅಲ್ಲಾಡಿಸಿದಳು. ಟಕಟಕ ಸದ್ದಾಯಿತು.

"ಮೂಗಿಗಿಂತ ಮೂಗುತಿ ಭಾರ ಮಾಡ್ಕೊಂಡು ಬಂದವ್ನೆ," ಅಂತ ಹಬ್ಬಿಗೆ ಹೇಳಿದಳು. "ನಡುವಿನ ತೂತು ಅಗ್ಲ ಆಗೈತೆ. ಹಬ್ಬನ್ನ ಕಚ್ಚಿ ಕೂರಕಿಲ್ಲ ಇದು. ಭಾರ ಎಲ್ಲ ಬೋಲ್ಟಿನ ಮ್ಯಾಲೇ ಬೀಳ್ತೈತೆ. ಬೋಲ್ಟು ಇರೋದು ಅಮುಕಿ ಹಿಡಿಯಕ್ಕೆ ಕಣಪ್ಪ, ಭಾರ ಹೊರಕ್ಕಲ್ಲ."

ಆಮೇಲೆ ಆಕೆಯ ಪ್ರಸಿದ್ಧ ಲೆಕ್ಕ ಶುರುವಾಯಿತು. ಬರೀ ಚಕ್ರ ಇಟ್ಟು ಒಂದು ಬೋಲ್ಟನ್ನು ಬೆರಳಲ್ಲೇ ತಿರುಗಿಸುತ್ತ ಎಣಿಸಿದಳು, ಒಂಬತ್ತು ಸುತ್ತಿಗೆ ಅದು ಬಿಗಿಯಾಯಿತು. ನನ್ನ ಬಿಲ್ಲೆ ನಡುವೆ ಇಟ್ಟು ಮತ್ತೆ ಎಣಿಸಿದಾಗ ನಾಲ್ಕಕ್ಕೇ ನಿಂತಿತು. "ನಾಕು ಸುತ್ತು ನಂಬ್ಕೊಂಡು ನೂರರ ಮ್ಯಾಲೆ ಓಡಿಸ್ತೀಯ. ಎಂಟಕ್ಕೆ ಒಂದು ಕಮ್ಮಿ ಬಂದ್ರೂ ನನ್ನ ಅಂಗಡಿಯಿಂದ ಗಾಡಿ ಆಚೆಗೆ ಬುಡಕಿಲ್ಲ."

ನನಗೆ ರೇಗಿತು. "ಕಾರು ನನ್ನದು, ಜೀವಾನೂ ನನ್ನದು. ಹೇಳಿದಷ್ಟು ಮಾಡಮ್ಮ," ಅಂದೆ.

ಆಗ ಆಕೆ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು. "ಪಕ್ಕದ ಸೀಟ್ನಾಗೆ ಯಾರು ಕೂರ್ತಾರೆ?"

"ಮಗಳು."

"ಎಷ್ಟು ವಯಸ್ಸು?"

"ಹನ್ನೊಂದು."

ಎದ್ದು ಹೋಗಿ ನನ್ನ ನಾಲ್ಕೂ ಬಿಲ್ಲೆಗಳನ್ನು ಗುಜರಿ ಡ್ರಮ್ಮಿಗೆ ಎಸೆದಳು. "ಹಬ್ಬಿಗೆ ಸರಿಯಾಗಿ ಕೂರೋದು ತಗೊಂಡು ಬಾ. ಜೊತೆಗೆ ಉದ್ದನೆ ಬೋಲ್ಟು ತಗೊಂಡು ಬಾ. ಇಲ್ದಿದ್ರೆ ಮಗೀನ ಬಸ್ಸಿಗೆ ಹತ್ತಿಸು."

ಬಾಯಿಗೆ ಬಂದಂತೆ ಬೈದು ಹೊರಟೆ. ಆದರೆ ಶಿರಾ, ಮಧುಗಿರಿ, ಕೊರಟಗೆರೆ ಸುತ್ತಿದರೂ ಆ ಕೆಲಸ ಗೊತ್ತಿದ್ದವರು ಬೇರೆ ಯಾರೂ ಸಿಗಲಿಲ್ಲ. ತಿಂಗಳಾದ ಮೇಲೆ ಆಕೆ ಹೇಳಿದಂಥವನ್ನೇ ಹುಡುಕಿ ತರಿಸಿ, ಬಾಲ ಸುಟ್ಟ ಬೆಕ್ಕಿನಂತೆ ಮತ್ತೆ ಅಲ್ಲಿಗೇ ಹೋದೆ. ಆಕೆ ನಕ್ಕಿದ್ದರೂ ಸಹಿಸುತ್ತಿದ್ದೆ, ನನ್ನ ಗುರುತೇ ಇಲ್ಲದವಳಂತೆ ಚಕ್ರದ ಮುಂದೆ ಕೂತಳು. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡಿದಳು. ಹೊಸ ಬಿಲ್ಲೆ ಸದ್ದಿಲ್ಲದೆ ಕೂತಿತು. ಪ್ರತಿ ಬೋಲ್ಟಿಗೂ ಎಂಟು ಸುತ್ತು ಎಣಿಸಿ, ಎದುರುಬದುರಾಗಿ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚು ಹಾಕಿದಳು. ಬಿಗಿ ಸಾಕಾದಾಗ ಕಟಕ್ ಅನ್ನುವ ಆ ರೆಂಚನ್ನು ಆಕೆ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆಮೇಲೆ ಮಲ್ಲಣ್ಣನನ್ನೂ ನನ್ನನ್ನೂ ಕಾರಿನೊಳಗೆ ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಲು ಹೇಳಿ, ಟೈರು ಎಲ್ಲಾದರೂ ತಾಗುತ್ತದೆಯೇ ಅಂತ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಚಕ್ರಗಳ ನಡುಮಧ್ಯದ ತೂತು ಮುಚ್ಚುವ ನಾಲ್ಕು ಕ್ಯಾಪುಗಳನ್ನು ಆಕೆ ಒಂದು ಡಬ್ಬದಲ್ಲಿ ಹಾಕಿ ಮುಚ್ಚಿಬಿಟ್ಟಳು.

"ಎಂಬತ್ತು ಕಿಲೋಮೀಟ್ರು ಓಡಿಸ್ಕೊಂಡು ಬಾ. ಹೊಸ್ದಾಗಿ ಕೂರಿಸಿದ್ದು ಒಸಿ ಇಳೀತೈತೆ. ಇನ್ನೊಂದು ಕಿತ ಬಿಗಿ ನೋಡ್ತೀನಿ, ಆಮ್ಯಾಲೆ ಕ್ಯಾಪು."

ಅದು ಅಲ್ಲಿನ ಪದ್ಧತಿಯಂತೆ. ಕ್ಯಾಪಿಲ್ಲದ ಚಕ್ರ ಕಂಡರೆ ಸಾಕು, ಸಿದ್ದಗಂಗಮ್ಮನ ಅಂಗಡಿಗೆ ಎರಡನೇ ಸಲ ಹೋಗದ ಗಾಡಿ ಅಂತ ಸುತ್ತಲಿನವರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಹಠಕ್ಕೆ ಬಿದ್ದು ಹೋಗಲಿಲ್ಲ. ಬಡವನಹಳ್ಳಿಯ ಟೀ ಅಂಗಡಿಯವನಿಂದ ಹಿಡಿದು ಕೋರ್ಟಿನ ಜವಾನನವರೆಗೆ ಎಲ್ಲರೂ, "ಇನ್ನೂ ಶಿರಾಕ್ಕೆ ಹೋಗಿಲ್ವಾ ಸಾರ್?" ಅಂತ ಕೇಳಿದರು. ಕೇಳಿದಷ್ಟೂ ನನ್ನ ಹಠ ಗಟ್ಟಿಯಾಯಿತು. ಕೊನೆಗೆ, ನನ್ನ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡಿರುವುದಾಗಿ ಆಕೆಗೆ ವಕೀಲರ ನೋಟಿಸು ಕಳಿಸಿದೆ, ಇಂಗ್ಲಿಷಿನಲ್ಲಿ.

ಅದೇ ವಾರದ ಭಾನುವಾರ ಮಗಳು ಸಹನಾಳನ್ನು ಕೊರಟಗೆರೆಯ ಅಜ್ಜಿಯ ಮನೆಗೆ ಕರೆದುಕೊಂಡು ಹೊರಟಿದ್ದೆ. ವೇಗ ಎಂಬತ್ತು ದಾಟುತ್ತಿದ್ದಂತೆ ಹಿಂದಿನಿಂದ ಒಂದು ಸಣ್ಣ ನಡುಕ ಬಂತು. "ಅಪ್ಪಾ, ಸೀಟು ಯಾಕೆ ಅದುರುತ್ತೆ?" ಅಂದಳು. "ರಸ್ತೆ ಸರಿಯಿಲ್ಲ," ಅಂದೆ. ಸಂಜೆ ವಾಪಸು ಬರುವಾಗಲೂ ಅದುರಿತು. ಇಳಿದು ನೋಡಬಹುದಿತ್ತು. ನೋಡಿ ಸಡಿಲವಾಗಿದ್ದರೆ ಶಿರಾಕ್ಕೆ ಹೋಗಬೇಕಾಗುತ್ತಿತ್ತು, ನೋಟಿಸು ಕೊಟ್ಟ ಮೇಲೆ ಅದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ನೋಡಲಿಲ್ಲ.

ಬುಧವಾರ ಆಕೆಯೇ ಬಂದಳು. ಖಾಸಗಿ ಬಸ್ಸಿನಲ್ಲಿ ಬಂದು, ತರಕಾರಿ ಚೀಲದಲ್ಲಿ ರೆಂಚು ಹಿಡಿದು, ಕೋರ್ಟಿನ ಅಂಗಳದ ಬೇವಿನ ಮರದಡಿ ನಿಂತಿದ್ದ ನನ್ನ ಕಾರನ್ನು ಹುಡುಕಿಕೊಂಡಳು. ನಾನು ಓಡಿ ಬರುವಷ್ಟರಲ್ಲಿ ಕಕ್ಷಿದಾರರು, ಗುಮಾಸ್ತರು, ನನ್ನ ಜೊತೆಯ ವಕೀಲರು ಸುತ್ತ ನೆರೆದಿದ್ದರು.

"ಈ ವಯ್ಯ ನಂಗೆ ಕಾಗ್ದ ಬರ್ದವ್ನೆ," ಅಂತ ಆಕೆ ಅವರಿಗೆ ಹೇಳುತ್ತಿದ್ದಳು. "ನಂಗೆ ಇಂಗ್ಲೀಸು ಬರಕಿಲ್ಲ. ಬರೋದ್ರಾಗೆ ಉತ್ರ ಕೊಡ್ತೀನಿ."

ಮುಟ್ಟಬೇಡ ಅಂದೆ. ಕೇಸು ಹಾಕುತ್ತೇನೆ ಅಂದೆ. ಆಕೆ ಮುಂದಿನ ಚಕ್ರಕ್ಕೆ ರೆಂಚು ಹಾಕಿ ಒತ್ತಿದಳು, ಕಟಕ್ ಅಂತು. ಎಲ್ಲ ಬೋಲ್ಟುಗಳೂ ಹಾಗೇ ಅಂದವು. ಹಿಂದಿನ ಬಲಚಕ್ರವೂ ಹಾಗೇ. ನನಗೆ ಧೈರ್ಯ ಬಂದು, "ನೋಡಿದ್ರಾ?" ಅಂತ ಜನರ ಕಡೆ ತಿರುಗಿದೆ. ಹಿಂದಿನ ಎಡ ಚಕ್ರಕ್ಕೆ ಹಾಕಿ ಒತ್ತಿದಾಗ ರೆಂಚು ಸದ್ದಿಲ್ಲದೆ ಅರ್ಧ ಸುತ್ತು ತಿರುಗಿತು. ಪಕ್ಕದ ಬೋಲ್ಟೂ ತಿರುಗಿತು. ಆಮೇಲೆ ಕಟಕ್ ಅಂತು. ನೆರೆದವರಲ್ಲಿ ನಗುತ್ತಿದ್ದವರು ನಗು ನಿಲ್ಲಿಸಿದರು. ಅವರು ನಗುತ್ತಲೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಆಕೆ ಚೀಲದಿಂದ ಆ ಡಬ್ಬ ತೆಗೆದು ನಾಲ್ಕೂ ಕ್ಯಾಪು ಒತ್ತಿ ಕೂರಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ನಿನಗೋಸ್ಕರ ಬಂದಿಲ್ಲ ನಾನು," ಅಂತ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನೀರು ಕುಡಿದು ಹೋಗಿ ಅಂತ ಕೂಡ ನಾನು ಅನ್ನಲಿಲ್ಲ. ಮಾನ ಕಳೆದಳಲ್ಲ ಅಂತ ಹಲ್ಲು ಕಡಿಯುತ್ತ ನಿಂತಿದ್ದೆ. ಆ ಸಿಟ್ಟು ಹಲವು ತಿಂಗಳು ಇಳಿಯಲಿಲ್ಲ.

ಕೊನೆಯ ಸಲ ಆಕೆಯನ್ನು ಕಂಡದ್ದು ಬಡವನಹಳ್ಳಿಯಲ್ಲಿ. ಯಾರದೋ ಗೃಹಪ್ರವೇಶ ಮುಗಿಸಿ ಶಿರಾ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಸೊರಗಿದ್ದಳು. ನಾನು ಟೀ ಕುಡಿಯಲು ಇಳಿದವನು ನೋಡದಂತೆ ದಾಟಿಹೋಗಬೇಕೆಂದಿದ್ದೆ, ಆಕೆ ಕರೆದಳು.

"ಅವತ್ತು ಎಡದ ಚಕ್ರ ಅರ್ಧ ಸುತ್ತು ಸಡ್ಲ ಆಗಿತ್ತು. ಅಷ್ಟು ಸಡ್ಲ ಆದ್ರೆ ಸೀಟು ಅದುರ್ತೈತೆ. ನಿಂಗೆ ಗೊತ್ತಾಗಿರ್ಲಿಲ್ವಾ?"

"ಇಲ್ಲ," ಅಂದೆ.

"ಮಗೀಗೆ?"

"ಇಲ್ಲಮ್ಮ. ಯಾರಿಗೂ ಗೊತ್ತಾಗಿರಲಿಲ್ಲ."

ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಬಯ್ಯಲಿ ಅಂತ ಕಾದೆ, ಬಯ್ಯಲಿಲ್ಲ. ಬಸ್ಸು ಬಂತು, ಹತ್ತಿ ಹೋದಳು. ಆ ಮಳೆಗಾಲ ಕಳೆಯುವಷ್ಟರಲ್ಲಿ ಎದೆನೋವು ಬಂದು ತೀರಿಕೊಂಡಳಂತೆ. ಮಲ್ಲಣ್ಣ ಅಂಗಡಿ ಮುಚ್ಚಿ ಊರಿಗೆ ಹೋದ.

ಸುದ್ದಿ ಕೇಳಿದ ದಿನ, ಇನ್ನು ಆ ಪ್ರಶ್ನೆ ಕೇಳುವವರಿಲ್ಲ ಅಂತ ಹಗುರವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಆಕೆಯ ಮೇಲೆ ಈಗಲೂ ಸಿಟ್ಟಿದೆ, ಆ ಉತ್ತರವನ್ನು ನನ್ನ ಬಳಿಯೇ ಬಿಟ್ಟುಹೋದಳು ಅಂತ. ಸಹನಾಗೆ ಈಗ ಹದಿನಾರು. ಅವತ್ತು ರಸ್ತೆ ಸರಿಯಾಗಿಯೇ ಇತ್ತು ಅಂತ ಅವಳಿಗೆ ಇನ್ನೂ ಹೇಳಿಲ್ಲ.